ಸ್ಕ್ಯಾನ್‌ನಲ್ಲಿ ಕಾಣದ ನೋವು: ಅನುಭವಕ್ಕೆ ಸಾಕ್ಷಿ ಯಾರು?

ಬೆನ್ನುನೋವೆಂದು ಆಸ್ಪತ್ರೆಗೆ ಹೋದ ಎಷ್ಟೋ ಜನ ಒಂದೇ ಮಾತು ಕೇಳಿಸಿಕೊಂಡು ಹೊರಗೆ ಬರುತ್ತಾರೆ: 'ಎಂಆರ್‌ಐ ನಾರ್ಮಲ್ ಇದೆ, ಏನೂ ತೊಂದರೆ ಇಲ್ಲ.' ವೈದ್ಯರು ಸಮಾಧಾನಕ್ಕೇ ಹೇಳಿರುತ್ತಾರೆ. ಆದರೆ ಕೂತರೆ ಏಳಲಾಗದ, ಎದ್ದರೆ ಕೂರಲಾಗದ ಮನುಷ್ಯನಿಗೆ ಅದರಿಂದ ಸಮಾಧಾನ ಸಿಗುವುದಿಲ್ಲ. ರಿಪೋರ್ಟ್ ನಿಜವಾದರೆ ನನ್ನ ನೋವು ಸುಳ್ಳೇ ಎಂಬ ಅನುಮಾನ ಶುರುವಾಗುತ್ತದೆ. ಮೊದಲು ಅವರಿಗೆ, ಆಮೇಲೆ ಮನೆಯವರಿಗೆ, ಕೊನೆಗೆ ರಜೆ ಕೊಡಬೇಕಾದ ಮೇಲಧಿಕಾರಿಗೆ.

ಇದು ಎಲ್ಲೋ ಕೆಲವರ ಕಷ್ಟ ಅಲ್ಲ. 2020ರಲ್ಲಿ ಜಗತ್ತಿನ ಸುಮಾರು 61.9 ಕೋಟಿ ಜನರಿಗೆ ಸೊಂಟನೋವು ಇತ್ತು ಎಂದು ರೋಗಗಳ ಹೊರೆಯ ಜಾಗತಿಕ ಅಧ್ಯಯನ ಅಂದಾಜು ಮಾಡಿದೆ. ಅವರಲ್ಲಿ ಬಹುಪಾಲು ಜನರಿಗೆ ಇಂಥದ್ದೇ ಕಾರಣ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಇದರ ಇನ್ನೊಂದು ಮಗ್ಗುಲೂ ಇದೆ. ಯಾವ ನೋವೂ ಇಲ್ಲದವರ ಬೆನ್ನಿನ ಸ್ಕ್ಯಾನ್‌ಗಳ ಬಗ್ಗೆ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಒಂದು ತಂಡ ವರದಿ ಪ್ರಕಟಿಸಿತು. 20ರ ವಯಸ್ಸಿನವರಲ್ಲೇ ಶೇ 37ರಷ್ಟು ಜನರ ಡಿಸ್ಕ್ ಸವೆದಿತ್ತು. 80ರ ವಯಸ್ಸಿನವರಲ್ಲಿ ಅದು ಶೇ 96. ಅವರೆಲ್ಲ ಆರಾಮವಾಗಿ ಓಡಾಡಿಕೊಂಡಿದ್ದವರು. ಅಂದರೆ ಸ್ಕ್ಯಾನ್ ನೆಟ್ಟಗಿದ್ದೂ ನೋವಿರಬಹುದು, ಸ್ಕ್ಯಾನ್ ಕೆಟ್ಟಿದ್ದೂ ನೋವಿಲ್ಲದಿರಬಹುದು.

ಹಾಗಾದರೆ ನೋವಿದೆ ಎನ್ನುವುದಕ್ಕೆ ಸಾಕ್ಷಿ ಯಾರು? ನೋಯುತ್ತಿರುವವರ ಮಾತು. ಆದರೆ ಆ ಮಾತಿಗೆ ನಾವು 'ಸಬ್ಜೆಕ್ಟಿವ್' ಎಂಬ ಚೀಟಿ ಅಂಟಿಸಿಬಿಡುತ್ತೇವೆ. ದಿನದ ಮಾತಿನಲ್ಲಿ ಅದರ ಅರ್ಥ, ನಂಬುವಂಥದ್ದಲ್ಲ, ಒಬ್ಬೊಬ್ಬರಿಗೆ ಒಂದೊಂದು ಥರ, ಲೆಕ್ಕಕ್ಕಿಲ್ಲ. ಆಧುನಿಕ ತತ್ವಶಾಸ್ತ್ರದಲ್ಲಿ ಫಿನಾಮಿನಾಲಜಿ ಎಂಬ ಹಾದಿ ಹುಟ್ಟಿದ್ದೇ ಈ ಧೋರಣೆಯನ್ನು ಪ್ರಶ್ನಿಸುತ್ತ. ಅನುಭವಕ್ಕೆ ತನ್ನದೇ ಒಂದು ರಚನೆ ಇದೆ, ಅದನ್ನು ಶಿಸ್ತಿನಿಂದ ಪರಿಶೀಲಿಸಬಹುದು ಎಂದು ಅದು ವಾದಿಸಿತು. ಈ ವಾದ ಸರಿ ಎಂದು ನಾನು ನಂಬುತ್ತೇನೆ. ಅದನ್ನು ಪುಸ್ತಕದೊಳಗೇ ಬಿಟ್ಟದ್ದರ ಬೆಲೆಯನ್ನು ಇವತ್ತು ರೋಗಿಗಳು ಕೊಡುತ್ತಿದ್ದಾರೆ ಎಂದೂ ನಂಬುತ್ತೇನೆ.

ಹಗ್ಗ ಮತ್ತು ಗಂಟೆ

ಗೊಂದಲದ ಒಂದು ಬೇರು 17ನೇ ಶತಮಾನದ ಫ್ರೆಂಚ್ ಚಿಂತಕ ರೆನೆ ಡೆಕಾರ್ಟ್ ಅವರಲ್ಲಿದೆ. ಮನುಷ್ಯನ ದೇಹದ ಬಗ್ಗೆ ಅವರು ಬರೆದ ಗ್ರಂಥ ಅವರು ತೀರಿಕೊಂಡ ಮೇಲೆ, 1660ರ ದಶಕದಲ್ಲಿ ಅಚ್ಚಾಯಿತು. ಅದರ ಒಂದು ಚಿತ್ರ ಬಹಳ ಹೆಸರುವಾಸಿ. ಒಬ್ಬನ ಕಾಲು ಬೆಂಕಿಯ ಹತ್ತಿರ ಇದೆ. ಪಾದದಿಂದ ಮಿದುಳಿನವರೆಗೆ ಒಂದು ಎಳೆ ಹೋಗಿದೆ. ಬೆಂಕಿ ತಾಕಿದರೆ ಎಳೆ ಜಗ್ಗುತ್ತದೆ, ಮಿದುಳಿಗೆ ಸುದ್ದಿ ಮುಟ್ಟುತ್ತದೆ. ಹಗ್ಗದ ಒಂದು ತುದಿ ಎಳೆದಾಗ ಇನ್ನೊಂದು ತುದಿಯಲ್ಲಿ ಗಂಟೆ ಬಾರಿಸುವ ಹಾಗೆ ಎಂದು ಅವರೇ ವಿವರಿಸಿದ್ದಾರೆ.

ಈ ಚಿತ್ರ ವೈದ್ಯಕೀಯಕ್ಕೆ ತುಂಬಾ ಉಪಯೋಗಕ್ಕೆ ಬಂತು. ನರಗಳನ್ನು ಹುಡುಕುವುದಕ್ಕೆ, ಅರಿವಳಿಕೆ ಕೊಡುವುದಕ್ಕೆ ಇಂಥ ಯೋಚನೆ ಬೇಕಿತ್ತು. ಆದರೆ ಅದರ ಜೊತೆಗೇ ಒಂದು ಲೆಕ್ಕಾಚಾರವೂ ಬಂತು. ಹಗ್ಗ ಎಳೆದಷ್ಟೇ ಗಂಟೆ ಬಾರಿಸಬೇಕು. ಗಾಯ ಎಷ್ಟೋ ನೋವು ಅಷ್ಟೇ. ಹಗ್ಗವನ್ನು ಯಾರೂ ಎಳೆದಿಲ್ಲ ಎಂದರೆ ಗಂಟೆ ಬಾರಿಸಿದ್ದು ನಿಮ್ಮ ಭ್ರಮೆ.

ಡೆಕಾರ್ಟ್ ಮಾತ್ರ ಇಷ್ಟಕ್ಕೇ ನಿಂತವರಲ್ಲ. 1641ರ 'ಧ್ಯಾನಗಳು' ಗ್ರಂಥದ ಆರನೇ ಭಾಗದಲ್ಲಿ ಅವರು, ನಾವಿಕ ಹಡಗಿನಲ್ಲಿ ಇರುವಂತೆ ನಾನು ದೇಹದಲ್ಲಿಲ್ಲ ಎನ್ನುತ್ತಾರೆ. ಹಡಗು ಒಡೆದರೆ ನಾವಿಕ ಅದನ್ನು ಕಣ್ಣಿಂದ ನೋಡಿ ತಿಳಿಯುತ್ತಾನೆ. ನನ್ನ ದೇಹಕ್ಕೆ ಪೆಟ್ಟಾದರೆ ನಾನು ನೋಡಿ ತಿಳಿಯುವುದಿಲ್ಲ, ನಾನೇ ನೋಯುತ್ತೇನೆ. ಕತ್ತರಿಸಿದ ಕೈಕಾಲಿನಲ್ಲಿ ನೋವು ಅನುಭವಿಸುವವರ ಬಗ್ಗೆಯೂ ಅಲ್ಲೇ ಬರೆದಿದ್ದಾರೆ. ದೇಹ ಬೇರೆ, ಮನಸ್ಸು ಬೇರೆ ಎಂದು ಗೆರೆ ಎಳೆದವರಿಗೇ ನೋವು ಆ ಗೆರೆಯ ಎರಡೂ ಕಡೆ ಕಾಣಿಸಿತ್ತು. ಮುಂದಿನವರು ಹಗ್ಗ ಇಟ್ಟುಕೊಂಡರು, ನಾವಿಕನನ್ನು ಬಿಟ್ಟರು.

ಹಗ್ಗದ ಲೆಕ್ಕ ತಪ್ಪುವುದನ್ನು ಯುದ್ಧರಂಗದಲ್ಲಿ ಕಂಡವರು ಅಮೆರಿಕದ ವೈದ್ಯ ಹೆನ್ರಿ ಬೀಚರ್. ಎರಡನೇ ಮಹಾಯುದ್ಧದಲ್ಲಿ ತೀವ್ರವಾಗಿ ಗಾಯಗೊಂಡ ಸೈನಿಕರನ್ನು ಅವರು ಮಾತಾಡಿಸಿದರು. ನೋವಿಗೆ ಔಷಧ ಬೇಕೇ ಎಂದು ಕೇಳಿದಾಗ ಮುಕ್ಕಾಲು ಪಾಲು ಜನ ಬೇಡ ಎಂದರು. 1946ರಲ್ಲಿ ಅವರು ಇದನ್ನು ಪ್ರಕಟಿಸಿದರು. ಊರಿನ ಆಸ್ಪತ್ರೆಯಲ್ಲಿ ಅದಕ್ಕಿಂತ ಸಣ್ಣ ಗಾಯವಾದವರೂ ಔಷಧ ಬೇಡುತ್ತಿದ್ದರು. ಸೈನಿಕನಿಗೆ ಗಾಯವೆಂದರೆ ಜೀವ ಉಳಿಯಿತು, ಇನ್ನು ಮನೆಗೆ ಹೋಗಬಹುದು ಎಂದರ್ಥ. ಊರಿನವನಿಗೆ ಅದೇ ಗಾಯ ಎಲ್ಲ ಹಾಳಾಯಿತು ಎಂಬ ಸುದ್ದಿ. ಬೀಚರ್ ಕೊಟ್ಟ ವಿವರಣೆ ಇದು. ನೋವಿನೊಳಗೇ ಅರ್ಥವೂ ಸೇರಿಕೊಂಡಿದೆ ಎಂದಾಯಿತು.

ನೋಡುವ ದೇಹ, ನೋಯುವ ದೇಹ

ಫಿನಾಮಿನಾಲಜಿಯ ಮೂಲಪುರುಷ ಎಡ್ಮಂಡ್ ಹುಸರ್ಲ್. 1859ರಲ್ಲಿ ಮೊರಾವಿಯಾದಲ್ಲಿ, ಅಂದರೆ ಇಂದಿನ ಚೆಕ್ ದೇಶದಲ್ಲಿ ಹುಟ್ಟಿದರು. ಓದಿದ್ದು ಗಣಿತ. ಅವರ ಸಲಹೆ ಕೇಳಲು ಸರಳ. ಹೊರಗಿನ ಜಗತ್ತು ನಿಜಕ್ಕೂ ಹೇಗಿದೆ ಎಂಬ ತೀರ್ಮಾನವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ, ಅದು ನಮಗೆ ಹೇಗೆ ತೋರುತ್ತದೆ ಎಂಬುದನ್ನು ಗಮನವಿಟ್ಟು ನೋಡಿ.

ಇದು ಕಣ್ಣು ಮುಚ್ಚಿ ಮನಸ್ಸಿನೊಳಗೆ ಇಣುಕುವ ಕೆಲಸ ಎಂದು ಎಷ್ಟೋ ಜನ ತಪ್ಪು ತಿಳಿಯುತ್ತಾರೆ. ಒಂದು ಮನೆಯನ್ನು ಬೀದಿಯಲ್ಲಿ ನಿಂತು ನೋಡಿ. ಕಾಣುವುದು ಮುಂಭಾಗ ಮಾತ್ರ. ಆದರೂ ನಾವು ನೋಡುವುದು ಬರೀ ಗೋಡೆಯನ್ನಲ್ಲ, ಮನೆಯನ್ನು. ಕಾಣದ ಹಿತ್ತಿಲು, ಒಳಗಿನ ಕೋಣೆ ಎಲ್ಲವೂ ಆ ನೋಟದಲ್ಲೇ ಸೇರಿವೆ. ಸುತ್ತಿ ಹೋದರೆ ಅವು ಕಾಣುತ್ತವೆ ಎಂಬ ನಿರೀಕ್ಷೆಯೂ ಸೇರಿದೆ. ಇದು ನನ್ನೊಬ್ಬನ ಖಾಸಗಿ ಸಂಗತಿ ಅಲ್ಲ. ಮನೆಯನ್ನು ನೋಡುವ ಯಾರಿಗೇ ಆದರೂ ನೋಟ ಹೀಗೇ ಇರುತ್ತದೆ. ಅನುಭವ ನನ್ನದೇ ಆದರೂ ಅದರ ರಚನೆ ಹಂಚಿಕೊಳ್ಳುವಂಥದ್ದು. ಹುಸರ್ಲ್ ಹಿಡಿದ ಎಳೆ ಇದೇ.

ಅವರು ದೇಹವನ್ನೂ ಹೀಗೇ ನೋಡಿದರು. ಬಲಗೈಯಿಂದ ಎಡಗೈಯನ್ನು ಮುಟ್ಟಿ. ಎಡಗೈ ಒಂದು ವಸ್ತುವಾಗಿ ಸಿಗುತ್ತದೆ: ಬೆಚ್ಚಗಿದೆ, ಮೆತ್ತಗಿದೆ. ಆದರೆ ಮುಟ್ಟಿಸಿಕೊಂಡದ್ದು ಎಡಗೈಗೂ ಗೊತ್ತಾಗುತ್ತದೆ. ಮೇಜನ್ನು ಮುಟ್ಟಿದರೆ ಹೀಗೆ ಆಗುವುದಿಲ್ಲ ಅಲ್ವಾ? ಒಂದೇ ದೇಹ ಎರಡು ಬಗೆಯಲ್ಲಿ ಇದೆ. ತೂಕ, ಉದ್ದ, ಬಣ್ಣ ಇರುವ ವಸ್ತುವಾಗಿ ಒಂದು. ಒಳಗಿಂದ ಬದುಕುವ ದೇಹವಾಗಿ ಇನ್ನೊಂದು. ಸ್ಕ್ಯಾನ್ ಯಂತ್ರಕ್ಕೆ ಮೊದಲನೆಯದು ಸಿಗುತ್ತದೆ. ನೋವು ಇರುವುದು ಎರಡನೆಯದರಲ್ಲಿ.

ಯಹೂದಿ ಮೂಲದವರೆಂಬ ಕಾರಣಕ್ಕೆ ನಾಜಿ ಆಡಳಿತ ಹುಸರ್ಲ್ ಅವರನ್ನು ವಿಶ್ವವಿದ್ಯಾಲಯದಿಂದ ದೂರ ಇಟ್ಟಿತು. 1935ರಲ್ಲಿ ಅವರು ವಿಯೆನ್ನಾ ಮತ್ತು ಪ್ರಾಗ್‌ನಲ್ಲಿ ಯುರೋಪಿನ ವಿಜ್ಞಾನಗಳ ಬಿಕ್ಕಟ್ಟಿನ ಬಗ್ಗೆ ಉಪನ್ಯಾಸ ಕೊಟ್ಟರು. ಅದರಿಂದ ಬೆಳೆದ ಬರಹದಲ್ಲಿ ಗೆಲಿಲಿಯೊ ಬಗ್ಗೆ ಒಂದು ದೊಡ್ಡ ಭಾಗವಿದೆ. ಪ್ರಕೃತಿಯನ್ನು ಗಣಿತದಲ್ಲಿ ಬರೆದದ್ದು ಅಪಾರ ಸಾಧನೆ ಎಂದು ಅವರು ಒಪ್ಪುತ್ತಾರೆ. ಆದರೆ ಆಮೇಲೆ ನಾವು ಅಳತೆಯನ್ನೇ ನಿಜ ಎಂದುಕೊಂಡೆವು, ಅಳತೆಗೆ ಮೊದಲೇ ಇದ್ದ ಬದುಕಿನ ಲೋಕವನ್ನು ಮರೆತೆವು ಎನ್ನುತ್ತಾರೆ. ಆಸ್ಪತ್ರೆಯ ನೋವಿನ ಅಳತೆಪಟ್ಟಿಗೆ ಈ ಮಾತು ನೇರವಾಗಿ ತಾಗುತ್ತದೆ.

ನೋವಿನ ವಿಷಯದಲ್ಲಿ ನನಗೆ ಅತ್ಯಂತ ಇಷ್ಟವಾದ ವಿವರಣೆ ಫ್ರೆಂಚ್ ತತ್ವಜ್ಞಾನಿ ಝಾನ್ ಪಾಲ್ ಸಾರ್ತ್ರ್ ಅವರದು. 1943ರ ಗ್ರಂಥದಲ್ಲಿ ಅವರು, ರಾತ್ರಿ ಪುಸ್ತಕ ಓದುತ್ತಿರುವವನ ಕಣ್ಣುನೋವನ್ನು ತೆಗೆದುಕೊಳ್ಳುತ್ತಾರೆ. ಓದುವವನ ಗಮನ ಕಣ್ಣಿನ ಮೇಲಿಲ್ಲ, ಅಕ್ಷರಗಳ ಮೇಲಿದೆ. ಆದರೂ ನೋವಿದೆ. ಎಲ್ಲಿ? ಅಕ್ಷರಗಳು ನಡುಗುವುದರಲ್ಲಿ, ಸಾಲು ಜಾರುವುದರಲ್ಲಿ, ಒಂದೇ ವಾಕ್ಯವನ್ನು ಎರಡೆರಡು ಸಲ ಓದಬೇಕಾಗುವುದರಲ್ಲಿ. ನೋವು ಮೊದಲು ತೋರುವುದು ಪುಟದ ಮೇಲೆ. ಕಣ್ಣು ನೋಯುತ್ತಿದೆ ಎಂದು ಹೆಸರಿಡುವುದು ಆಮೇಲೆ.

ಫ್ರಾನ್ಸಿನ ಇನ್ನೊಬ್ಬ ತತ್ವಜ್ಞಾನಿ ಮೋರಿಸ್ ಮೆರ್ಲೊ-ಪಾಂತಿ 1945ರಲ್ಲಿ ಇದನ್ನು ಇನ್ನೂ ಮುಂದಕ್ಕೆ ಒಯ್ದರು. ಕೈ ಕತ್ತರಿಸಿದ ಮೇಲೂ ಆ ಕೈ ಇದೆ ಎನಿಸುವುದು, ಅದು ನೋಯುವುದು ಅವರನ್ನು ಬಹಳ ಕಾಡಿದ ಸಮಸ್ಯೆ. ಬರೀ ನರದ ಕಥೆ ಎನ್ನೋಣವೇ? ರೋಗಿಯ ಮನಸ್ಥಿತಿ ಬದಲಾದರೆ ಇಲ್ಲದ ಕೈಯೂ ಬದಲಾಗುತ್ತದೆ. ಬರೀ ನೆನಪು ಎನ್ನೋಣವೇ? ನರ ಕತ್ತರಿಸಿದರೆ ಅದು ಹೋಗಿಬಿಡಬಹುದು. ಎರಡೂ ವಿವರಣೆ ಅರ್ಧ ದಾರಿಯಲ್ಲಿ ನಿಲ್ಲುತ್ತವೆ. ಅವರ ಉತ್ತರ: ದೇಹ ಎಂದರೆ 'ನನಗೆ ಇದು ಮಾಡಲಾಗುತ್ತದೆ' ಎಂಬ ಸಾಮರ್ಥ್ಯಗಳ ಒಟ್ಟು. ಬಾಗಿಲ ಹಿಡಿಕೆ, ಲೋಟ, ಬರೆಯುವ ಕಾಗದ ಇನ್ನೂ ಆ ಕೈಯನ್ನು ಕರೆಯುತ್ತಿವೆ. ಹಳೆಯ ಲೋಕ ಹಾಗೇ ಇರುವುದರಿಂದ ಹಳೆಯ ಕೈಯೂ ಉಳಿದಿದೆ.

ದೀರ್ಘಕಾಲದ ನೋವಿಗೆ ಇದನ್ನು ಹಚ್ಚಿ ನೋಡಿ. ವರ್ಷಗಟ್ಟಲೆ ಮಂಡಿನೋವಿರುವವರಿಗೆ ನೋವು ಮಂಡಿಯೊಳಗೆ ಮಾತ್ರ ಇರುವುದಿಲ್ಲ. ಬಸ್ಸಿನ ಮೆಟ್ಟಿಲು ಎತ್ತರವಾಗುತ್ತದೆ. ಮೂಲೆಯ ಅಂಗಡಿ ದೂರವಾಗುತ್ತದೆ. ಮದುವೆ ಮನೆಯ ಊಟದ ಸಾಲಿನಲ್ಲಿ ನೆಲದ ಮೇಲೆ ಕೂರುವ ಯೋಚನೆಗೇ ಕರೆ ಬೇಡ ಎನಿಸುತ್ತದೆ. ನಾಳೆಯ ಬಗ್ಗೆ ಯೋಚಿಸುವ ರೀತಿಯೇ ಬದಲಾಗುತ್ತದೆ. ಇದಾವುದೂ ಮಂಡಿಯ ಎಕ್ಸ್‌ರೇಯಲ್ಲಿ ಬರುವುದಿಲ್ಲ. ಇದೆಲ್ಲ ನೋವಿನ ಪರಿಣಾಮ, ನೋವೇ ಬೇರೆ ಎಂದು ಕೆಲವರು ಹೇಳಬಹುದು. ನಾನು ಒಪ್ಪುವುದಿಲ್ಲ. ರೋಗಿ 'ನೋವು ಜಾಸ್ತಿ ಆಗಿದೆ' ಎನ್ನುವಾಗ ಹೇಳುತ್ತಿರುವುದು ಹೆಚ್ಚಾಗಿ ಇದನ್ನೇ.

ಮಾತು, ಮಾತಿಲ್ಲದವರು, ಅಂಕಿ

ನೋವಿನ ಅಧ್ಯಯನಕ್ಕೆಂದೇ ಇರುವ ಅಂತರರಾಷ್ಟ್ರೀಯ ಸಂಘ ಐಎಎಸ್‌ಪಿ 1979ರಲ್ಲಿ ನೋವಿಗೆ ಒಂದು ವ್ಯಾಖ್ಯೆ ಕೊಟ್ಟಿತು. ನೋವು ಒಂದು ಅಹಿತಕರ ಅನುಭವ, ಇಂದ್ರಿಯಕ್ಕೂ ಭಾವಕ್ಕೂ ಸೇರಿದ್ದು ಎಂದಿತು. ಅಂಗಾಂಶಕ್ಕೆ ಆದ ಅಥವಾ ಆಗಬಹುದಾದ ಹಾನಿಯ ಜೊತೆಗೆ ಬರುವಂಥದ್ದು, ಇಲ್ಲವೇ ಅಂಥ ಹಾನಿಯ ಮಾತಿನಲ್ಲಿ ವರ್ಣಿಸುವಂಥದ್ದು ಎಂದಿತು. ನೋವು ಯಾವಾಗಲೂ ವ್ಯಕ್ತಿಯ ಅನುಭವ ಎಂದು ಟಿಪ್ಪಣಿಯಲ್ಲಿ ಒಪ್ಪಿಕೊಂಡಿತು. ಇದು ದೊಡ್ಡ ಹೆಜ್ಜೆ. ಹಗ್ಗ ಗಂಟೆಯ ಲೆಕ್ಕವನ್ನು ವೈದ್ಯರೇ ಬಿಟ್ಟುಕೊಟ್ಟಂತಾಯಿತು.

ಆದರೆ ವರ್ಣಿಸಲು ಬಾರದವರ ಗತಿ? ಈ ಪ್ರಶ್ನೆಯ ಉತ್ತರ ಬಹಳ ಕಠೋರವಾಗಿತ್ತು. 1980ರ ದಶಕದವರೆಗೂ ಅನೇಕ ಕಡೆ ನವಜಾತ ಶಿಶುಗಳಿಗೆ ಸಾಕಷ್ಟು ನೋವುನಿವಾರಕ ಕೊಡದೆಯೇ ಆಪರೇಷನ್ ಮಾಡುತ್ತಿದ್ದರು. ಕೂಸಿನ ನರವ್ಯೂಹ ಇನ್ನೂ ಬಲಿತಿಲ್ಲ, ಅದಕ್ಕೆ ನೋವು ತಿಳಿಯದು ಎಂಬ ನಂಬಿಕೆ. ಔಷಧವೇ ಅಪಾಯ ಎಂಬ ಭಯವೂ ಇತ್ತು. ಭಾರತದಿಂದ ಆಕ್ಸ್‌ಫರ್ಡ್‌ಗೆ ಹೋಗಿದ್ದ ವೈದ್ಯ ಕನ್ವಲ್‌ಜೀತ್ ಆನಂದ್ ಮತ್ತು ಅವರ ಸಹೋದ್ಯೋಗಿಗಳು 1987ರಲ್ಲಿ ಪ್ರಕಟಿಸಿದ ಅಧ್ಯಯನ ಈ ರೂಢಿಯನ್ನು ಅಲುಗಾಡಿಸಿತು. ಹೃದಯದ ಹತ್ತಿರದ ರಕ್ತನಾಳದ ಆಪರೇಷನ್ ಬೇಕಿದ್ದ, ಅವಧಿಗೆ ಮೊದಲೇ ಹುಟ್ಟಿದ ಕೂಸುಗಳು ಅವು. ಫೆಂಟನಿಲ್ ಎಂಬ ಬಲವಾದ ನೋವುನಿವಾರಕ ಕೊಟ್ಟ ಕೂಸುಗಳ ದೇಹ ಆಘಾತವನ್ನು ಎಷ್ಟೋ ಮೇಲಾಗಿ ತಾಳಿಕೊಂಡಿತು. ಕೊಡದ ಕೂಸುಗಳಲ್ಲಿ ಒತ್ತಡದ ಹಾರ್ಮೋನುಗಳು ವಿಪರೀತ ಏರಿದ್ದವು, ತೊಂದರೆಗಳೂ ಹೆಚ್ಚಿದ್ದವು.

ಈ ಘಟನೆಯನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಫಿನಾಮಿನಾಲಜಿಗೂ ಇದು ಎಚ್ಚರಿಕೆ. ಅನುಭವ ಎಂದರೆ ಬಾಯಿಬಿಟ್ಟು ಹೇಳಿದ್ದು ಎಂದಷ್ಟೇ ಹಿಡಿದರೆ ಕೂಸು, ಮರೆವಿನ ಕಾಯಿಲೆಯ ಅಜ್ಜಿ, ಪ್ರಾಣಿಗಳು ಎಲ್ಲರೂ ಹೊರಗುಳಿಯುತ್ತಾರೆ. ಆದರೆ ಮೆರ್ಲೊ-ಪಾಂತಿ ಹೇಳುವ ದೇಹ ಮಾತಿಗೆ ಮೊದಲೇ ಲೋಕದ ಜೊತೆ ವ್ಯವಹರಿಸುವ ದೇಹ. ಮುದುಡಿಕೊಳ್ಳುವುದು, ಕೊಸರುವುದು, ಅಳು ಇವೆಲ್ಲ ಒಳಗಿನ ನೋವಿನ ಪರೋಕ್ಷ ಗುರುತುಗಳಲ್ಲ, ನೋವು ಇರುವ ಒಂದು ರೀತಿಯೇ. ಐಎಎಸ್‌ಪಿ 2020ರಲ್ಲಿ ವ್ಯಾಖ್ಯೆಯನ್ನು ತಿದ್ದಿತು. ವರ್ಣಿಸುವ ಷರತ್ತನ್ನು ತೆಗೆಯಿತು. ಹೇಳಲಾಗದಿದ್ದರೆ ನೋವಿಲ್ಲ ಎಂದರ್ಥವಲ್ಲ ಎಂದು ಟಿಪ್ಪಣಿ ಸೇರಿಸಿತು. ನೋವಿದೆ ಎಂದು ಹೇಳಿದವರ ಮಾತನ್ನು ಗೌರವಿಸಬೇಕು ಎಂದೂ ಬರೆಯಿತು. ನರದ ಸಂಕೇತ ಬೇರೆ, ನೋವು ಬೇರೆ ಎಂದು ಸ್ಪಷ್ಟವಾಗಿ ಹೇಳಿತು.

ಇನ್ನು ಅಂಕಿಯ ವಿಷಯ. 'ಸೊನ್ನೆಯಿಂದ ಹತ್ತರಲ್ಲಿ ನಿಮ್ಮ ನೋವು ಎಷ್ಟು?' ಈ ಪ್ರಶ್ನೆ ಈಗ ಅನೇಕ ದೊಡ್ಡ ಆಸ್ಪತ್ರೆಗಳಲ್ಲಿ ಇದೆ. ಒಬ್ಬರೇ ರೋಗಿಯ ಇವತ್ತಿನ ನೋವನ್ನು ನಿನ್ನೆಯದಕ್ಕೆ ಹೋಲಿಸಲು ಇದು ಉಪಯುಕ್ತ. ತೊಂದರೆ ಬರುವುದು ಅಂಕಿಯನ್ನೇ ನೋವು ಎಂದುಕೊಂಡಾಗ. ಅಮೆರಿಕದಲ್ಲಿ 1990ರ ದಶಕದಲ್ಲಿ ನಾಡಿ, ಉಸಿರು, ಜ್ವರ, ಬಿಪಿ ಜೊತೆಗೆ ನೋವನ್ನೂ ಐದನೆಯದಾಗಿ ದಾಖಲಿಸಬೇಕು ಎಂಬ ಚಳವಳಿ ಬಂತು. ರೋಗಿಯ ನೋವನ್ನು ಯಾರೂ ಕೇಳುತ್ತಿಲ್ಲ ಎಂಬ ನ್ಯಾಯವಾದ ದೂರಿನಿಂದ ಹುಟ್ಟಿದ್ದು ಅದು. ಆದರೆ ಕೇಳುವುದು ಎಂದರೆ ಅಂಕಿ ಬರೆದುಕೊಳ್ಳುವುದು ಎಂದಾಯಿತು. ಅಂಕಿಯನ್ನು ಇಳಿಸುವ ಸುಲಭ ದಾರಿ ಮಾತ್ರೆ. ಅದೇ ಹೊತ್ತಿಗೆ ಔಷಧ ಕಂಪನಿಗಳು ಓಪಿಯಾಯ್ಡ್ ಮಾತ್ರೆಗಳನ್ನು, ಅಂದರೆ ಅಫೀಮಿನ ಜಾತಿಯ ನೋವುನಿವಾರಕಗಳನ್ನು ಜೋರಾಗಿ ಮಾರುತ್ತಿದ್ದವು. ಮುಂದೆ ಆ ಮಾತ್ರೆಗಳ ಚಟಕ್ಕೆ ಬಿದ್ದು ಅಪಾರ ಜನ ಸತ್ತ ದುರಂತಕ್ಕೆ ಕಾರಣ ಹಲವು, ದುರಾಸೆಯೇ ದೊಡ್ಡದು. ಅಂಥ ಮಾತ್ರೆಗಳಲ್ಲಿ ಒಂದಾದ ಆಕ್ಸಿಕಾಂಟಿನ್ ತಯಾರಿಸಿದ ಪರ್ಡ್ಯೂ ಫಾರ್ಮಾ 2020ರಲ್ಲಿ ಅಲ್ಲಿನ ಕೋರ್ಟಿನಲ್ಲಿ ಅಪರಾಧ ಒಪ್ಪಿಕೊಂಡಿತು. ಆದರೂ ಅನುಭವವನ್ನು ಅಂಕಿಗೆ ಇಳಿಸಿದ ಅಭ್ಯಾಸಕ್ಕೂ ಅದರಲ್ಲಿ ಪಾಲಿದೆ ಎಂಬುದು ನನ್ನ ತೀರ್ಮಾನ.

ಭಾರತದಲ್ಲಿ ಆದದ್ದು ಇದಕ್ಕೆ ಉಲ್ಟಾ. ನಮ್ಮಲ್ಲಿ ಕಾನೂನುಬದ್ಧವಾಗಿಯೇ ಅಫೀಮು ಬೆಳೆಯುತ್ತಾರೆ, ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ. ಆದರೂ 1985ರ ಮಾದಕವಸ್ತು ಕಾಯ್ದೆ ಬಂದ ಮೇಲೆ ಕ್ಯಾನ್ಸರ್ ರೋಗಿಗಳಿಗೆ ಅಫೀಮಿನಿಂದಲೇ ತೆಗೆಯುವ ನೋವುನಿವಾರಕ ಮಾರ್ಫಿನ್ ಸಿಗುವುದೇ ದುಸ್ತರವಾಯಿತು. ಒಂದೊಂದು ರಾಜ್ಯದಲ್ಲಿ ಹಲವು ಇಲಾಖೆಗಳ ಲೈಸೆನ್ಸ್ ಬೇಕಿತ್ತು. ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಅಂಥವರು ವರ್ಷಾನುಗಟ್ಟಲೆ ಹೋರಾಡಿದ ಮೇಲೆ 2014ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಅಲ್ಲಿ ನೋವನ್ನು ಅಂಕಿಯಾಗಿ ಕೇಳಿದರು, ಇಲ್ಲಿ ಕೇಳಲೇ ಇಲ್ಲ.

ಯಾರ ಮಾತು ಮಾತು?

ಹುಸರ್ಲ್, ಮೆರ್ಲೊ-ಪಾಂತಿ ಬರೆದ ದೇಹ ಹೆಚ್ಚುಕಮ್ಮಿ ಯಾವ ಗುರುತೂ ಇಲ್ಲದ ದೇಹ. ಹೆಣ್ಣೋ ಗಂಡೋ, ಕರಿಯೋ ಬಿಳಿಯೋ ಗೊತ್ತಾಗುವುದಿಲ್ಲ. ಈ ಕೊರತೆಯನ್ನು ಮೊದಲು ಗಟ್ಟಿಯಾಗಿ ತೋರಿಸಿದವರಲ್ಲಿ ಮಾರ್ಟಿನಿಕ್ ದ್ವೀಪದ ಮನೋವೈದ್ಯ ಫ್ರಾಂಟ್ಸ್ ಫ್ಯಾನನ್ ಒಬ್ಬರು. ಬಿಳಿಯರ ನೋಟ ಬಿದ್ದ ಕೂಡಲೇ ಕಪ್ಪು ಮನುಷ್ಯನ ದೇಹ ಅವನ ಕೈತಪ್ಪಿ ಹೋಗುತ್ತದೆ, ಅವನು ತನ್ನನ್ನೇ ಹೊರಗಿನಿಂದ ನೋಡಿಕೊಳ್ಳಬೇಕಾಗುತ್ತದೆ ಎಂದು ಅವರು 1952ರಲ್ಲಿ ಬರೆದರು.

ಇದು ಹಳೆಯ ಕಥೆ ಎನ್ನುವಂತಿಲ್ಲ. 2016ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಬಿಳಿಯ ವೈದ್ಯಕೀಯ ವಿದ್ಯಾರ್ಥಿಗಳನ್ನೂ ತರಬೇತಿಯಲ್ಲಿದ್ದ ವೈದ್ಯರನ್ನೂ ಪರೀಕ್ಷಿಸಿದರು. ಕಪ್ಪು ಜನರ ದೇಹದ ಬಗ್ಗೆ, ಉದಾಹರಣೆಗೆ ಅವರ ಚರ್ಮ ಜಾಸ್ತಿ ದಪ್ಪ ಎಂಬಂಥ ಒಂದಾದರೂ ಸುಳ್ಳನ್ನು ಸುಮಾರು ಅರ್ಧದಷ್ಟು ಮಂದಿ ನಂಬಿದ್ದರು. ಹಾಗೆ ನಂಬಿದವರು ಕಪ್ಪು ರೋಗಿಯ ನೋವನ್ನು ಕಡಿಮೆ ಎಂದು ಅಂದಾಜಿಸಿದರು. ಎಂಡೊಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಕಾಯಿಲೆ ಇರುವ ಹೆಂಗಸರನ್ನು ತೆಗೆದುಕೊಳ್ಳಿ. ಸಂತಾನವಯಸ್ಸಿನ ಹತ್ತರಲ್ಲಿ ಒಬ್ಬರಿಗೆ ಈ ಕಾಯಿಲೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಾಯಿಲೆಯ ಹೆಸರು ತಿಳಿಯುವ ಹೊತ್ತಿಗೆ ಹಲವು ವರ್ಷ ಕಳೆದಿರುತ್ತವೆ. ಅಷ್ಟೂ ವರ್ಷ ಕೇಳುವುದು, 'ಮುಟ್ಟಿನ ನೋವು ಎಲ್ಲರಿಗೂ ಇರುತ್ತೆ, ಸ್ವಲ್ಪ ತಡ್ಕೋ.' ನಮ್ಮ ಹೆರಿಗೆ ಕೋಣೆಗಳಲ್ಲೂ ನೋವಿಗೆ ಕೂಗಿದವರಿಗೆ ಬೈಗುಳ ಸಿಗುವುದು ಯಾರಿಗೆ ತಾನೆ ಗೊತ್ತಿಲ್ಲ?

ಬ್ರಿಟನ್ನಿನ ತತ್ವಜ್ಞಾನಿ ಹಾವಿ ಕರೆಲ್ ಈ ಅನ್ಯಾಯದ ಬಗ್ಗೆ ವಿಸ್ತಾರವಾಗಿ ಬರೆದಿದ್ದಾರೆ. ಅವರಿಗೇ ಶ್ವಾಸಕೋಶದ ಅಪರೂಪದ ಕಾಯಿಲೆ ಇದೆ. ಮೆರ್ಲೊ-ಪಾಂತಿಯನ್ನು ಓದಿದ್ದ ಅವರಿಗೆ, ಗುಡ್ಡ ಹತ್ತಲಾಗದೆ ಉಸಿರು ಕಟ್ಟಿದಾಗ ಆ ಓದು ಹೊಸ ಅರ್ಥ ಪಡೆಯಿತು. ರೋಗಿ ತನ್ನ ಅನುಭವದ ಬಗ್ಗೆ ತಿಳಿದವಳು ಎಂದು ವೈದ್ಯಲೋಕ ಒಪ್ಪುವುದಿಲ್ಲ, ಬರೀ ಮಾಹಿತಿಯ ಮೂಲವಾಗಿ ಕಾಣುತ್ತದೆ ಎಂಬುದು ಅವರ ಆಕ್ಷೇಪ.

ಸುಳ್ಳು ಹೇಳುವವರು ಇಲ್ಲವೇ? ಇದ್ದಾರೆ. ವಿಮೆಗೆ, ಪರಿಹಾರಕ್ಕೆ, ರಜೆಗೆ ನೋವನ್ನು ನಟಿಸುವವರು ಇದ್ದಾರೆ. ಹಾಗಾಗಿ ನೋವನ್ನು ಪತ್ತೆ ಹಚ್ಚುವ ಯಂತ್ರದ ಆಸೆ ಸಹಜ. 2013ರಲ್ಲಿ ಅಮೆರಿಕದ ನರವಿಜ್ಞಾನಿ ಟಾರ್ ವೇಗರ್ ಮತ್ತು ತಂಡ ಮಿದುಳಿನ ಸ್ಕ್ಯಾನ್‌ನಲ್ಲಿ ಬಿಸಿ ತಾಕಿದ ನೋವಿನ ಗುರುತನ್ನು ಬಹಳ ನಿಖರವಾಗಿ ಹಿಡಿದರು. ಆದರೆ ಅದು ಪ್ರಯೋಗಾಲಯದಲ್ಲಿ ಆರೋಗ್ಯವಂತರಿಗೆ ಕೊಟ್ಟ ಬಿಸಿ. ಅದು ನೋವಿನ ಗುರುತು ಎಂದು ಗೊತ್ತಾದದ್ದಾದರೂ ಹೇಗೆ? ನೋಯುತ್ತಿದೆಯೇ ಎಂದು ಅವರನ್ನೇ ಕೇಳಿ. ಮೊದಲ ಸಾಕ್ಷಿಯನ್ನು ಅಳತೆಗೋಲಾಗಿ ಇಟ್ಟುಕೊಂಡೇ ಯಂತ್ರ ಕಲಿತದ್ದು. ಅದೇ ಯಂತ್ರವನ್ನು ಆ ಸಾಕ್ಷಿಯ ವಿರುದ್ಧ ಹೇಗೆ ನಿಲ್ಲಿಸುವುದು? ಕೋರ್ಟುಗಳಲ್ಲಿ ದೀರ್ಘಕಾಲದ ನೋವಿಗೆ ಮಿದುಳಿನ ಸ್ಕ್ಯಾನನ್ನು ಸುಳ್ಳುಪತ್ತೆ ಯಂತ್ರದಂತೆ ಬಳಸಬಾರದು ಎಂದು ಐಎಎಸ್‌ಪಿಯ ತಜ್ಞರ ಸಮಿತಿ 2017ರಲ್ಲಿ ಹೇಳಿತು.

ಮುಖ ನೋಡಿ ನೋವು ಅಂದಾಜಿಸುವ ಎಐ ಆ್ಯಪ್‌ಗಳೂ ಬಂದಿವೆ. ಆಸ್ಟ್ರೇಲಿಯಾದ ಪೇನ್‌ಚೆಕ್ ಮರೆವಿನ ಕಾಯಿಲೆ ಇರುವ ವೃದ್ಧರಿಗಾಗಿ ಮಾಡಿದ್ದು. ಮುಖದ ಸಣ್ಣ ಚಲನೆಗಳ ಜೊತೆಗೆ ದನಿ, ನಡಿಗೆ, ವರ್ತನೆಯನ್ನೂ ಸೇರಿಸಿ 42 ಅಂಶಗಳನ್ನು ನೋಡುತ್ತದೆ. ಮಾತಾಡಲಾಗದವರಿಗೆ ಇದು ನಿಜಕ್ಕೂ ನೆರವು, ನಾನು ಸ್ವಾಗತಿಸುತ್ತೇನೆ. ಮಾತಾಡಬಲ್ಲವರ ಮಾತಿನ ಬದಲಿಗೆ ಇಂಥದ್ದು ಬಂದರೆ ಮಾತ್ರ ಒಪ್ಪಲಾಗದು.

ಅನುಭವವನ್ನು ಚೆನ್ನಾಗಿ ಕೇಳಿದರೆ ಏನು ಸಿಗುತ್ತದೆ ಎಂಬುದಕ್ಕೆ ಫ್ರಾನ್ಸಿನಲ್ಲಿ ಒಂದು ಒಳ್ಳೆಯ ಉದಾಹರಣೆ ಇದೆ. ಮೂರ್ಛೆರೋಗದಲ್ಲಿ ಸೆಳವು ಬರುವ ಕೆಲವು ನಿಮಿಷ ಮೊದಲೇ ಮಿದುಳಿನ ವಿದ್ಯುತ್ ಚಟುವಟಿಕೆ ಬದಲಾಗುವುದನ್ನು ನರವಿಜ್ಞಾನಿ ಫ್ರಾನ್ಸಿಸ್ಕೊ ವರೇಲಾ ಇದ್ದ ಗುಂಪು ಗುರುತಿಸಿತ್ತು. ಆ ಹೊತ್ತಿನಲ್ಲಿ ರೋಗಿಗೆ ಏನಾದರೂ ಅನಿಸುತ್ತದೆಯೇ? ಮೇಲ್ನೋಟಕ್ಕೆ ಕೇಳಿದರೆ ಹೆಚ್ಚಿನವರು ಇಲ್ಲ ಎನ್ನುತ್ತಾರೆ. ಅಲ್ಲಿನ ಸಂಶೋಧಕಿ ಕ್ಲೇರ್ ಪೆತಿಮಾಂಜಾ ನಿಧಾನವಾಗಿ, ಆ ಕ್ಷಣಕ್ಕೆ ಮರಳಿ ಕರೆದೊಯ್ಯುವಂತೆ ಪ್ರಶ್ನೆ ಕೇಳಿದರು. ಕೆಲವರು ಒಂದು ಬಗೆಯ ದಣಿವನ್ನು, ತಾವು ನಾಜೂಕಾಗಿಬಿಟ್ಟಂಥ ಭಾವವನ್ನು ನೆನಪಿಸಿಕೊಂಡರು. ಹಾಗೆ ಗುರುತಿಸಲು ಬಂದರೆ ಬಿದ್ದು ಪೆಟ್ಟಾಗುವುದನ್ನು ತಪ್ಪಿಸಿಕೊಳ್ಳಬಹುದು.

ಇಂಥ ಕೇಳುವಿಕೆಗೆ ಸಮಯ ಬೇಕು. 67 ದೇಶಗಳ ಅಂಕಿಅಂಶ ಸೇರಿಸಿದ 2017ರ ಒಂದು ವಿಶ್ಲೇಷಣೆಯ ಪ್ರಕಾರ ಪ್ರಾಥಮಿಕ ಆರೋಗ್ಯ ವೈದ್ಯರು ಒಬ್ಬ ರೋಗಿಗೆ ಕೊಡುವ ಸಮಯ ಸ್ವೀಡನ್‌ನಲ್ಲಿ 22.5 ನಿಮಿಷ, ಭಾರತದಲ್ಲಿ ಸುಮಾರು 2 ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡ್. ಎರಡು ನಿಮಿಷದಲ್ಲಿ ಯಾವ ವೈದ್ಯರೂ ಅಂಕಿಗಿಂತ ಹೆಚ್ಚಿನದನ್ನು ಕೇಳಲಾರರು. ಇದು ವೈದ್ಯರ ಒರಟುತನದ ಪ್ರಶ್ನೆಗಿಂತ ದೊಡ್ಡದು. ಎಷ್ಟು ವೈದ್ಯರನ್ನು, ನರ್ಸ್‌ಗಳನ್ನು ಸರ್ಕಾರ ನೇಮಿಸುತ್ತದೆ ಎಂಬ ಪ್ರಶ್ನೆ.

ಸಮಯ ಕೊಡುವ ಜಾಗಗಳೂ ಇವೆ. ಲಂಡನ್ನಿನ ಸಿಸಿಲಿ ಸಾಂಡರ್ಸ್ 1960ರ ದಶಕದಲ್ಲಿ ಸಾಯುವ ಹಂತದ ರೋಗಿಗಳ ಪಕ್ಕ ಕೂತು ಅವರ ಮಾತು ಬರೆದುಕೊಂಡರು. ನೋವು ಬೆನ್ನಲ್ಲಿ ಶುರುವಾಯಿತು, ಈಗ ನನ್ನದೆಲ್ಲವೂ ಕೆಟ್ಟಿದೆ ಎನಿಸುತ್ತದೆ ಎಂಬರ್ಥದ ಮಾತನ್ನು ಒಬ್ಬ ರೋಗಿ ಅವರಿಗೆ ಹೇಳಿದ್ದರು. ಆ ಹೆಂಗಸು ಫಿನಾಮಿನಾಲಜಿ ಓದಿದ್ದರೋ ಇಲ್ಲವೋ, ಅದರ ಸಾರವನ್ನಂತೂ ಹೇಳಿಬಿಟ್ಟರು. ದೇಹ, ಮನಸ್ಸು, ಸಂಬಂಧ, ಹಣದ ಚಿಂತೆ ಎಲ್ಲ ಸೇರಿದ್ದೇ ನೋವು ಎಂಬ ಸಾಂಡರ್ಸ್ ಅವರ ಪರಿಕಲ್ಪನೆ ಇಂಥ ಮಾತುಗಳಿಂದಲೇ ಬೆಳೆಯಿತು. ಗಂಭೀರ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ ಪಾಲಿಯೇಟಿವ್ ಕೇರ್ ಇವತ್ತಿಗೂ ಅದರ ಮೇಲೆ ನಿಂತಿದೆ. ಕೇರಳದ ಹಳ್ಳಿಗಳಲ್ಲಿ ಸ್ವಯಂಸೇವಕರು ಮನೆಮನೆಗೆ ಹೋಗುತ್ತಾರೆ. ಬೆಂಗಳೂರಿನ ಕರುಣಾಶ್ರಯ ಕ್ಯಾನ್ಸರ್‌ನ ಕೊನೆಯ ಹಂತದವರನ್ನು ಹಣ ಪಡೆಯದೆ ನೋಡಿಕೊಳ್ಳುತ್ತದೆ. ಇಂಥ ಕಡೆ ನೋವು ಎಷ್ಟು ಎಂದು ಕೇಳಿ ಸುಮ್ಮನಾಗುವುದಿಲ್ಲ. ರಾತ್ರಿ ನಿದ್ದೆ ಬಂತೇ, ಯಾವ ಮಗ್ಗುಲಿಗೆ ಮಲಗಲು ಆಗುತ್ತಿಲ್ಲ, ಮನೆಯಲ್ಲಿ ಯಾರ ಬಗ್ಗೆ ಚಿಂತೆ, ಯಾವ ಕೆಲಸ ಕೈಬಿಟ್ಟು ಹೋಯಿತು ಎಂದೂ ಕೇಳುತ್ತಾರೆ. ಸಾಯುವ ಹಂತ ಮುಟ್ಟುವವರೆಗೆ ಈ ಪ್ರಶ್ನೆಗಳು ಕಾಯಬೇಕಾಗಿಲ್ಲ. ಮಂಡಿನೋವಿನ ಒಪಿಡಿಯಲ್ಲೂ ಇವನ್ನು ಕೇಳಬಹುದು. ಕೇಳದಿದ್ದರೆ ರೋಗಿಯೇ ಮೊದಲು ಹೇಳಬಹುದು: ನೋವು ಏಳು ಎನ್ನುವ ಬದಲು, ಮೊನ್ನೆಯಿಂದ ಮೆಟ್ಟಿಲು ಇಳಿಯಲು ಆಗುತ್ತಿಲ್ಲ ಡಾಕ್ಟ್ರೇ ಎಂದು.